ಭಟ್ಟಿ ಗೋಡೆಯ ಲೆಕ್ಕ

ಒಟ್ಟು ಇನ್ನೂರಾ ನಲವತ್ತು. ಗೆಲ್ಲೋಕೆ ನೂರಾ ಇಪ್ಪತ್ತೊಂದು.
ಇದ್ದಿಲಿನಲ್ಲಿ ಇಷ್ಟನ್ನು ಬರೆದವನು ನಾನೇ,
ಮಂಡಕ್ಕಿ ಭಟ್ಟಿಯ ಒಳಗೋಡೆ ಮೇಲೆ,
ಭತ್ತದ ಬಾಕಿ, ಉಪ್ಪಿನ ಬಾಕಿಯ ಪಕ್ಕ.

ಜಿಲ್ಲಾಧ್ಯಕ್ಷರನ್ನು ಈ ಸಲ ಮೇಲಿನವರು ಹೆಸರಿಸೋದಿಲ್ಲವಂತೆ.
ತಾಲ್ಲೂಕಿಗೊಂದು ಭಾನುವಾರ,
ಪ್ರತಿನಿಧಿಗಳು ಚೀಟಿ ಮಡಚಿ ಹಾಕಬೇಕಂತೆ.
ನಮ್ಮದು ಗೌರಕ್ಕ. ದಾದಾಪೀರನದು ಮುರಿಗೆಪ್ಪ.
ಬಾವುಟ ಒಂದೇ.
ಜಗಳಕ್ಕೆ ಅದೇ ಸಾಕಾಯ್ತು.

ಮೊದಲು ಜಗಳೂರು: ನಮಗೆ ಹತ್ತೊಂಬತ್ತು, ಅವರಿಗೆ ಹನ್ನೊಂದು.
ಅವತ್ತು ಇಡೀ ಬೀದಿಗೆ ಮಿರ್ಚಿ ಕೊಡಿಸಿದೆ.
ಹರಿಹರದಲ್ಲಿ ಹದಿನೆಂಟಕ್ಕೆ ಇಪ್ಪತ್ತನಾಲ್ಕು.
‘ಆದರೂ ಎರಡು ಮುಂದಿದ್ದೀವಿ’ ಅಂದೆ.
‘ಎರಡು ಅಂದ್ರೆ ಬಸ್ಸು ತಪ್ಪಿದ್ರೂ ಹೋಗೋ ಲೆಕ್ಕ’ ಅಂದ ದಾದಾಪೀರ.
ಹೊನ್ನಾಳಿಯಲ್ಲಿ ಬಸ್ಸು ತಪ್ಪಿತು.
ನ್ಯಾಮತಿಯ ಮೂವರನ್ನು ಯಾರೋ ಜೋಗ ನೋಡಲು ಕರೆದೊಯ್ದರು,
ನೀರೇ ಇಲ್ಲದ ತಿಂಗಳಲ್ಲಿ.
ಚನ್ನಗಿರಿ, ಬಿಡಿ, ಹದಿನಾರಕ್ಕೆ ಇಪ್ಪತ್ತೆಂಟು.

ಎಸ್ಸೆಲ್ಸಿ ಗಣಿತಕ್ಕೆ ಮೂರು ಸಲ ಕೂತ ರೇವಣ್ಣ
ಈಗ ಶೇಕಡಾವಾರು ಮಾತಾಡುತ್ತಾನೆ.
ದೋಸೆ ಹೋಟೆಲಿನಲ್ಲಿ ಕಾವಲಿಯ ಈಚೆ ನಾವು, ಆಚೆ ಅವರು,
ಬೆಣ್ಣೆ ಮಾತ್ರ ಎರಡೂ ಕಡೆ ಕರಗುತ್ತದೆ.
‘ನಿಮ್ಮಕ್ಕ ಹಿಂದೆ ಸರೀಲಿ, ಪಕ್ಷ ಉಳೀಲಿ.’
‘ಪಕ್ಷ ಅಂದ್ರೆ ಮುರಿಗೆಪ್ಪನ ಜಗಲಿಯೇನೋ?’
ಅಷ್ಟೇ ಅಂದದ್ದು. ದಾದಾಪೀರ ಮಾತು ಬಿಟ್ಟ.

ಹನ್ನೊಂದು ದಿನ.
ಒಂದೇ ಒಲೆಗೆ ಹೊಟ್ಟು ತುಂಬುತ್ತ,
ಒಂದೇ ಜರಡಿಯ ಎರಡು ತುದಿ ಹಿಡಿದು.
ಏನಾದರೂ ಹೇಳಲೇಬೇಕಾದರೆ ಕೆಲಸದ ಹುಡುಗನ ಕಡೆ ತಿರುಗಿ:
‘ಅವರಿಗೆ ಹೇಳಪ್ಪ, ಉಪ್ಪು ಜಾಸ್ತಿ ಆಗೈತಿ.’

ಉಳಿದದ್ದು ದಾವಣಗೆರೆ ಒಂದೇ, ಅರವತ್ತಾರು ಚೀಟಿ.
ನಮಗೆ ನಲವತ್ತನಾಲ್ಕು ಬೇಕು. ಮೂವರಲ್ಲಿ ಇಬ್ಬರು.
ಆ ವಾರವೆಲ್ಲ ಊರನ್ನು ಮೂರು ಮೂರಾಗಿ ಎಣಿಸಿದೆ.
ಅಶೋಕ ರಸ್ತೆಯ ಗೇಟು ಬಿದ್ದಾಗ ನಿಂತ ಮೂವರಲ್ಲಿ ಇಬ್ಬರು,
ಆಟೋದ ಮೂರು ಗಾಲಿಯಲ್ಲಿ ಹಿಂದಿನವೆರಡು ನಮ್ಮವು.
ಶನಿವಾರ ರಾತ್ರಿ ಪೇಪರಿನ ಮೇಲೆ ಅರವತ್ತಾರು ಕಾಳು ಹರಡಿ
ನಲವತ್ತನಾಲ್ಕನ್ನು ನನ್ನ ಕಡೆ ಸರಿಸಿದೆ.
ಎಷ್ಟು ಸುಲಭ ಅನ್ನಿಸಿತು.
ಹುಡುಗ ಬಾಗಿಲು ತೆಗೆದ, ಗಾಳಿ ಬಂತು, ಅರ್ಧ ಹಾರಿದವು.
ಮಂಡಕ್ಕಿ ಯಾರ ಮಾತೂ ಕೇಳೋದಿಲ್ಲ;
ಇಪ್ಪತ್ತು ವರ್ಷದಿಂದ ಗೊತ್ತಿದ್ದ ವಿಷಯ.

ಮೂವತ್ತೆಂಟು, ಇಪ್ಪತ್ತೆಂಟು.
ಊರು ನಮ್ಮದೇ ಆಯ್ತು. ಪಟಾಕಿ ಹೊಡೆದವರು ಅವರು.
ಗೌರಕ್ಕ ಸೆರಗು ಸರಿಮಾಡಿಕೊಂಡು ಬಂದು
ಮುರಿಗೆಪ್ಪನಿಗೆ ಹಾರ ಹಾಕಿದರು, ಫೋಟೋಕ್ಕೆ ನಕ್ಕರು ಕೂಡ.
ಅವರಿಗೆ ಅದು ಬರುತ್ತದೆ. ನನಗೆ ಯಾರೂ ಕಲಿಸಲಿಲ್ಲ.

ನೂರಾ ಇಪ್ಪತ್ತೊಂದರಲ್ಲಿ ನೂರಾ ಹದಿನೈದು ಕಳೆದರೆ ಆರು.
ಬರೀ ಆರು ಜನ.
ಮಂಡಿಪೇಟೆಯಲ್ಲಿ ಬದನೆಕಾಯಿ ಒತ್ತಿ ನೋಡುವವನು ಅವರಲ್ಲೊಬ್ಬನೇ?
ಗಡಿಯಾರ ಕಂಬದ ಹತ್ತಿರ ನನಗೆ ನಮಸ್ಕಾರ ಹೇಳಿ
ಸ್ವಲ್ಪ ಬೇಗನೆ ಹೋದವನು?
ಬ್ಯಾಂಕಿನ ಸಾಲಿನಲ್ಲಿ ನನ್ನ ಮುಂದೆ ನಿಂತ ಬೆನ್ನು?
ಬೆನ್ನಿನಲ್ಲಿ ಏನೂ ಬರೆದಿರೋದಿಲ್ಲ.

ಗೋಡೆಯ ಮುಂದೆ ನಿಂತೇ ಇದ್ದೆ.
ಹಿಂದಿನಿಂದ ದಾದಾಪೀರ, ಹುಡುಗನ ಕಡೆ ತಿರುಗದೆ, ನನಗೇ:
‘ಆರ್ತೈತಿ ನೋಡು.’
‘ಆರಾ? ಯಾವ ಆರು?’
‘ಒಲೆ ಮಾರಾಯ. ಒಲೆ ಆರ್ತೈತಿ. ಹೊಟ್ಟು ಹಾಕು.’

ಹಾಕಿದೆ.
ಅವತ್ತು ಉಪ್ಪು ನಿಜಕ್ಕೂ ಜಾಸ್ತಿಯಾಗಿತ್ತು.
ಅವನು ಏನೂ ಹೇಳಲಿಲ್ಲ.