ಬೆಂಕಿ ತಿರುಗಿಸುವ ಫ್ಯಾನು

ನಿಮಾಣಿ ಅದನ್ನು ಹರಿದ ಅಜ್ರಕ್‌ನಲ್ಲಿ ಸುತ್ತಿ ತಂದಳು,
ಮಗುವನ್ನು ತಂದ ಹಾಗಲ್ಲ,
ಕೋಳಿ ತಂದ ಹಾಗೆ: ಕಂಕುಳಲ್ಲಿ,
ಮೂರು ಕಬ್ಬಿಣದ ಕಾಲು ಹೊರಗೆ.
"ಖಮೀಸೊ ಚಾಚಾ, ಇದು ತಿರುಗುತ್ತಾ?"

ನಾನು ಹೊಲಿಗೆ ಯಂತ್ರದವನು.
ಸೂಜಿ, ಬಾಬಿನ್ನು, ಪೆಡಲಿನ ಬೆಲ್ಟು.
ಇದಕ್ಕೆ ವೈರಿಲ್ಲ, ಸ್ವಿಚ್ಚಿಲ್ಲ,
ಹೊಟ್ಟೆಯಡಿ ಸೀಮೆಎಣ್ಣೆಯ ದೀಪ,
ಅದರ ಮೇಲೆ ಸಿಲಿಂಡರು, ನೆತ್ತಿಯಲ್ಲಿ ನಾಲ್ಕು ಹಿತ್ತಾಳೆ ರೆಕ್ಕೆ.
ಉರಿಗೆ ಗಾಳಿ ಹಾಕುವುದು ಕಂಡಿದ್ದೇನೆ.
ಉರಿಯೇ ಗಾಳಿ ಹಾಕುವುದು?

ಗಾಳಿ ಬಂದಾಗ ತೂರಿಕೊಂಡ ಊರು ಇದು, ಸಿಂಧಿನ ಹೈದರಾಬಾದು.
ಮನೆಮನೆಯ ಮಾಳಿಗೆ ಮೇಲೆ ಗಾಳಿಗೂಡು,
ಕಡಲ ದಿಕ್ಕಿಗೆ ಬಾಯಿ ತೆರೆದು
ಸಂಜೆ ನಾಲ್ಕರ ತಂಪನ್ನು ಹಿಡಿದು
ಕೆಳಗಿನ ಕೋಣೆಗೆ ಇಳಿಸುತ್ತಿದ್ದವಂತೆ.
ಈಗ ಅಲ್ಲಿ ನೀರಿನ ಟ್ಯಾಂಕು.
ದಿನಕ್ಕೆ ಹತ್ತು ಗಂಟೆ ಕರೆಂಟಿಲ್ಲ.

ಬಿಚ್ಚಿದೆ. ಹದಿನೇಳು ಸ್ಕ್ರೂ, ಎರಡು ಮುರಿದವು.
ಯಾರೋ ಪುಣ್ಯಾತ್ಮ ಅಡುಗೆ ಎಣ್ಣೆ ಬಿಟ್ಟಿದ್ದಾನೆ,
ಬೆಲ್ಲದ ಪಾಕದಂತೆ ಹಿಡಿದು ಕೂತಿದೆ.
ಸೀಮೆಎಣ್ಣೆಯಲ್ಲಿ ನೆನೆಸಿಟ್ಟು ಮೂರು ದಿನ ಕಾದೆ,
ನಾಲ್ಕನೆಯ ದಿನ ಕೊಂತ ಒಂದು ಕೂದಲೆಳೆಯಷ್ಟು ಅಲ್ಲಾಡಿತು.

ಒಳಗಿರುವುದು ಬರೀ ಗಾಳಿ. ಹೊರಗಿನದ್ದೇ, ನಮ್ಮ ಬೀದಿಯದ್ದೇ.
ಕಾದರೆ ಹಿಗ್ಗುತ್ತೆ, ತಣಿದರೆ ಕುಗ್ಗುತ್ತೆ.
ಹಿಗ್ಗಿಗೂ ಕುಗ್ಗಿಗೂ ನಡುವೆ
ಒಂದು ಟೊಳ್ಳು ಡಬ್ಬಿ ಮೇಲೆ ಕೆಳಗೆ ಓಡಾಡುತ್ತೆ,
ಯಾವ ಗೋಡೆಯನ್ನೂ ಮುಟ್ಟದೆ.
ಕೊಂತ ಹಾಗಲ್ಲ. ಗೋಡೆಗೆ ತಾಗಿಯೇ ಇರಬೇಕು,
ತಾಗಿದ್ದು ತಿಳಿಯಬಾರದು.
ಎಣ್ಣೆ ಬೇಡ. ಪೆನ್ಸಿಲ್ಲಿನ ಸೀಸ ಅರೆದು
ಬೆರಳಲ್ಲಿ ತೀಡಿದೆ, ಕಾಡಿಗೆ ಹಚ್ಚಿದಂತೆ.

ಉರಿ ತಾಗುವ ತಳದಲ್ಲಿ ಒಂದು ತೇಪೆ:
ತೂತಿನ ಮೇಲೆ ಬೆಸೆದ ತಾಮ್ರದ ನಾಣ್ಯ.
ಯಾವ ರಾಜನೋ, ಬೆಂಕಿ ನೆಕ್ಕಿ ನೆಕ್ಕಿ
ಮೂಗಿಲ್ಲ, ಕಿರೀಟವಿಲ್ಲ.
ಕಿತ್ತು ಹೊಸ ತಗಡು ಹಾಕೋಣವೆಂದು ಉಳಿ ಎತ್ತಿದೆ.
ಅಂಚು ನೋಡಿದೆ. ಉಗುರು ಎಳೆದರೂ ಸಂದು ಸಿಗಲಿಲ್ಲ.
ನನಗಿಂತ ಒಳ್ಳೆಯ ಕೈ. ಉಳಿ ಕೆಳಗಿಟ್ಟೆ.

ದೀಪ ಹಚ್ಚಿ ಹತ್ತು ನಿಮಿಷ. ಏನಿಲ್ಲ.
ನಿಮಾಣಿ ಎರಡು ಸಲ ಕೆಮ್ಮಿದಳು.
ಇದು ತಾನಾಗಿ ಹೊರಡುವ ಜಾತಿಯಲ್ಲ,
ರೆಕ್ಕೆಯನ್ನು ಬೆರಳಲ್ಲಿ ಒಮ್ಮೆ ನೂಕಬೇಕು.
ನೂಕಿದೆ. ನಿಂತಿತು. ನೂಕಿದೆ. ನಿಂತಿತು.
ಸಿಟ್ಟು ಬಂದು ಉಲ್ಟಾ ನೂಕಿದೆ, ಓಡಿತು!
ಓಡಿತು, ಗಾಳಿ ಮಾತ್ರ ಹಿಂದಕ್ಕೆ:
ಎದುರು ಕೂತವಳ ದುಪಟ್ಟಾವನ್ನೇ ತನ್ನತ್ತ ಎಳೆಯಿತು.
ಅವಳು ನಕ್ಕ ನಗೆಗೆ ಪಕ್ಕದ ಬಳೆಯಂಗಡಿಯವನು ಬಂದು ಇಣುಕಿದ.

ತಪ್ಪು ನನ್ನದೇ.
ಕಾಲು ಸುತ್ತು ಮುಂದಿರಬೇಕಾದ ಡಬ್ಬಿಯನ್ನು
ಕಾಲು ಸುತ್ತು ಹಿಂದಿಟ್ಟಿದ್ದೆ.
ಬೆರಳು ಸುಟ್ಟುಕೊಂಡು ತಿರುಗಿಸಿ ಕೂರಿಸಿದೆ.

ಇದು ಅವಳ ಅಜ್ಜಿ ದಾದಿಯಾಗಿದ್ದ
ಮಿಷನ್ ಆಸ್ಪತ್ರೆಯ ಹೆರಿಗೆ ಕೋಣೆಯದ್ದು.
ನೋವು ತಿನ್ನುವವಳ ತಲೆದಿಂಬಿನ ಬಳಿ ಇಡುತ್ತಿದ್ದರಂತೆ.
ಅಲ್ಲೇ ಹುಟ್ಟಿದವನು ನಾನು, ಒಂದು ಗುರುವಾರ.
"ಹಾಗಾದರೆ ನಿನಗೂ ಬೀಸಿದೆ ಚಾಚಾ!"
ಜನವರಿ ಕಣಮ್ಮಾ, ಎಂದೆ, ಯಾರು ಹಚ್ಚಿರುತ್ತಾರೆ.

ಸಂಜೆ ಏಳಕ್ಕೆ ಕರೆಂಟು ಹೋಯಿತು.
ಬೀದಿಯ ಫ್ಯಾನುಗಳೆಲ್ಲ ಒಂದೊಂದಾಗಿ ಉಸಿರು ಬಿಟ್ಟವು.
ದೀಪ ಹಚ್ಚಿ, ಕಾದು, ಬೆರಳಿಟ್ಟೆ.
ಟುಕು ಟುಕು, ಟುಕು ಟುಕು,
ಹೊಲಿಗೆ ಯಂತ್ರಕ್ಕಿಂತ ಮೆತ್ತಗೆ.
ಜೋರು ಗಾಳಿಯೇನಲ್ಲ, ಬಿಸಿ ಚಹಾ ಊದುವಷ್ಟು,
ಸೀಮೆಎಣ್ಣೆಯ ವಾಸನೆ ಬೇರೆ.
ಬಳೆಯಂಗಡಿಯವನು ಸ್ಟೂಲು ಎಳೆದು ಕೂತ.
ನಿಮಾಣಿ ಮಜೂರಿ ಎಷ್ಟೆಂದು ಕೇಳುತ್ತಿದ್ದಳು.
ಸ್ವಲ್ಪ ತಡಿ, ಎಂದೆ,
ಅಂಗಿಯ ಮೇಲಿನ ಗುಂಡಿ ಬಿಚ್ಚುತ್ತ.