ಮೊದಲ ಸೇರಿಗೆ ಲಾಭ

ಬ್ರೋಕನ್ ಹಿಲ್. ನಗರಸಭೆಯ ಹಿಂಬದಿ ಕೋಣೆ.
ಫ್ಯಾನು ತಿರುಗಿದಷ್ಟೂ ಕೆಂಪು ಧೂಳು
ಕೀಲಿಮಣೆಯ ಸಂದಿಗಿಳಿಯುತ್ತದೆ.
ಪರದೆಯ ಮೇಲೆ ಸ್ಮಶಾನದ ಹಳೆಯ ಭಾಗ,
ಚೌಕಾಬಾರದ ಹಾಗೆ ಗೆರೆ ಗೆರೆ,
ಮನೆಗೊಬ್ಬರು.

ಹೆಸರಿದ್ದವರನ್ನು ಹೆಸರು ಹಿಡಿದು ಕೂಗಬಹುದು.
ಆದರೆ ದಫ್ತರದ ಅರ್ಧ ಪುಟ ಗೆದ್ದಲಿಗೆ ಹೋಗಿದೆ.
ಅಂಥವರಿಗೆ ಉಳಿದದ್ದು ಜಾಗವೊಂದೇ:
ಎಷ್ಟನೆಯ ಸಾಲು, ಎಷ್ಟನೆಯ ಕಂಬ.
ಚೌಕ ಕಂಸದೊಳಗೆ ಎರಡು ಅಂಕಿ, ನಡುವೆ ಅಲ್ಪವಿರಾಮ,
ಕೇಳಿದರೆ ಓಗೊಡುತ್ತಾರೆ.
ತಿರುವುಮುರುವಾಗಿ ಕೇಳಿದರೆ
ಬೇರೆ ಯಾರೋ ಎದ್ದು ಬರುತ್ತಾರೆ.

ಸೊನ್ನೆಯಿಂದ ಐದರವರೆಗೆ ಅಂದರೆ
ಐದು ಹೊಸ್ತಿಲಾಚೆಯೇ ನಿಲ್ಲುತ್ತದೆ, ಒಳಗೆ ಕರೆಯುವುದಿಲ್ಲ.
ಮೈನಸ್ ಒಂದು ಅಂದರೆ ಕಟ್ಟಕಡೆಯದು:
ಮಂಗಳವಾರ ತೋಡಿದ್ದು, ಮಣ್ಣಿನ್ನೂ ಹಸಿ.

ಮಿಲ್ಡ್ಯೂರಾದಿಂದ ಒಬ್ಬ ಮುದುಕ ಬಂದಿದ್ದ, ಲಯನಲ್ ಹಾಕಿಂಗ್.
ಅಜ್ಜಿಯ ತಂಗಿ ಎಲ್ಲಿದ್ದಾಳೆ ಅಂದ.
ಹುಡುಕಿ, ಚೀಟಿಯಲ್ಲಿ ಬರೆದುಕೊಟ್ಟೆ: ಆರು, ಮೂರು.
ಬೆಳಗಿನ ಬಿಸಿಲಲ್ಲಿ ಆತ ಎಣಿಸುತ್ತ ಹೋದ,
ಗೇಟಿನಿಂದ ಆರು, ಎಡದಿಂದ ಮೂರು,
ಕೆಂಪು ಕಾರ್ನೇಷನ್ ಇಟ್ಟು, ಟೋಪಿ ತೆಗೆದು ನಿಂತ.

ಸಂಜೆ ಫೋನು. ಕಾವಲಿನ ಡೊರೀನ್ ಟ್ರೆಗೆನ್ಜಾ:
'ಹೂವು ತಪ್ಪು ಗುಂಡಿಯ ಮೇಲಿದೆ ಕಣೆ.
ಆಕೆ ಇರೋದು ಏಳನೇ ಸಾಲು, ನಾಲ್ಕನೇದು.'
ಯಂತ್ರ ಸೊನ್ನೆಯಿಂದ ಎಣಿಸುತ್ತದೆ ಅಂದೆ.
'ಸೊನ್ನೆಯಲ್ಲಿ ಯಾರನ್ನಾದರೂ ಹೂಳ್ತಾರೇನು?'

ಹೂವು ಬಿದ್ದ ಮನೆಯನ್ನು ತೆರೆದು ನೋಡಿದೆ.
ಹೆಸರಿಲ್ಲ. ವಯಸ್ಸಿಲ್ಲ. ವರ್ಷದ ಕಡೆ ಒಂದು ಪ್ರಶ್ನಾರ್ಥಕ.
ಹಾಕಿಂಗಿಗೆ ಹೇಳಿ ಕ್ಷಮೆ ಕೇಳಿದೆ.
ತುಸು ಹೊತ್ತು ಬರೀ ಉಸಿರು ಕೇಳಿತು.
'ಇರಲಿ ಬಿಡು,' ಅಂದ. ಮತ್ತೆ ಬರಲಿಲ್ಲ.

ಮುದ್ರಿಸುವ ಮುನ್ನ ಎರಡಕ್ಕೂ ಒಂದೊಂದು ಕೂಡು
ಎಂದು ಒಂದು ಸಾಲು ಸೇರಿಸಿದೆ.
ಅಷ್ಟೇ ದುರಸ್ತಿ.

ಶನಿವಾರ ನಾನೇ ಹೋದೆ, ಡೊರೀನಳ ಜೊತೆ,
ಏಳನೆಯ ಸಾಲಿನ ನಾಲ್ಕನೆಯವಳನ್ನು ನೋಡಲು.
ಬಾಡಿದ ಕಾರ್ನೇಷನ್ನನ್ನು ದಾಟುವಾಗ
ಇಬ್ಬರೂ ಕಾಲನ್ನು ಸ್ವಲ್ಪ ಎತ್ತಿ ಇಟ್ಟೆವು.

ರಾಗಿ ಅಳೆಯುವಾಗ ನನ್ನ ಸೋದರತ್ತೆ
ಒಂದು ಅನ್ನುತ್ತಲೇ ಇರಲಿಲ್ಲ.
ಮೊದಲ ಸೇರಿಗೆ ಲಾಭ, ಆಮೇಲೆ ಎರಡು, ಮೂರು.
ಏಳನೆಯ ಸಾಲಿನ ಮೊದಲ ಕಲ್ಲು ಮುಟ್ಟಿ
ಬಾಯಿ ತಪ್ಪಿ ಅಂದುಬಿಟ್ಟೆ:
ಲಾಭ.

'ಅದೆಷ್ಟು?' ಅಂದಳು ಡೊರೀನ್.