ಫಾಲ್, ಪಿಕೊ

ಡೊಂಬಿವಲಿ ಪೂರ್ವ, ಬಿಲ್ಡಿಂಗಿನ ಮೆಟ್ಟಿಲ ಕೆಳಗೆ
ನಾನು, ಮಿಷನ್ನು, ನಲವತ್ತು ಬಣ್ಣದ ರೀಲು.
ಏಳರ ಲೋಕಲ್ ಇಳಿದು ನೇರ ಬಂದಳು
ಮೂರನೇ ಮಾಳಿಗೆಯ ಪ್ರಫುಲ್ಲಕ್ಕನ ಮಗಳು.
ಎಂಟುನೂರರ ಹತ್ತಿ ಸೀರೆ, ಕೆನೆಬಣ್ಣ.
ಸೋಮವಾರ ಬಾಂದ್ರಾದಲ್ಲಿ ರಿಜಿಸ್ಟರ್.
ಅಮ್ಮ ಬರುವುದಿಲ್ಲವಂತೆ.

"ನೀವು ನೋಡದೇ ಹೇಗೆ ಒಪ್ಪಿದಿರಿ, ಆಂಟಿ?"

ನೋಡದೇ ಏನು, ನೋಡಿದ್ದೆ.
ತಲೆ ತಗ್ಗಿಸಿ ಕೂತವಳಿಗೆ ಕಂಡದ್ದು ಕಾಲುಚೀಲ,
ಹೆಬ್ಬೆರಳ ಹತ್ತಿರ ತೂತು.
ಇದನ್ನು ಹೊಲಿಯಬಹುದು ಅನ್ನಿಸಿತು.
ಹೊಲಿದೆ. ಇಪ್ಪತ್ತೆಂಟು ವರ್ಷ.

"ಅದು ಪ್ರೀತಿಯಾ?"

ಸೂಜಿಯ ಕಣ್ಣು ಈಗ ನನ್ನ ಕಣ್ಣಿಗೆ ಸಿಗದು.
ಅವರೇ ದಾರ ಪೋಣಿಸಿಕೊಡುತ್ತಾರೆ, ಬೈಯುತ್ತ.
ಹೆಸರಿಟ್ಟು ನೋಡಿಲ್ಲ ಅದಕ್ಕೆ.
ನಿನ್ನಮ್ಮನನ್ನು ಕೇಳು;
ರಾತ್ರಿ ಬಸ್ಸಿಗೆ ಓಡಿಬಂದು ತಾಳಿ ಕಟ್ಟಿಸಿಕೊಂಡವಳು,
ನಿನ್ನ ಜಾತಕ ಹಿಡಿದು ಊರಿಡೀ ಅಲೆದಳು.
ಅವಳಿಗೆ ಗೊತ್ತಿರುವುದು
ನನಗೂ ಗೊತ್ತಿಲ್ಲ, ನಿನಗೂ.

ಫಾಲಿನ ಹೊಲಿಗೆ ಹೊರಗೆ ಕಾಣಬಾರದು,
ಕಸುಬೆಂದರೆ ಅದೇ, ಎನ್ನುತ್ತ
ಕೆನೆಬಣ್ಣದ ರೀಲು ಹುಡುಕಿದೆ.
"ಕಾಣಲಿ" ಎಂದಳು. "ಕೆಂಪು ಹಾಕಿ."

ಕೆಂಪಿಗೆ ಹತ್ತು ರೂಪಾಯಿ ಜಾಸ್ತಿ ಅಂದೆ.
ಯಾಕಂದೆನೋ.
ದಾರಕ್ಕೆಲ್ಲ ಒಂದೇ ಬೆಲೆ.